ಆಯುಧಪೂಜೆಯ ನಂತರ ಬಿಗಿದ ನಟ್ಟುಗಳು

ಕೆಂಪು ಗೆರೆಯ ಎರಡು ತುಂಡುಗಳ ನಡುವೆ ನಾಲ್ಕು ಮಿಲಿಮೀಟರ್ ಅಂತರವಿತ್ತು. ಒಂದು ತುಂಡು ನಟ್ಟಿನ ಮೇಲೆ, ಇನ್ನೊಂದು ಆ ನಟ್ಟಿನೊಳಗಿಂದ ಹೊರಗೆ ಚಾಚಿದ್ದ ಶಾಫ್ಟಿನ ತುದಿಯ ಮೇಲೆ. ಎರಡೂ ಕೂಡಿ ಒಂದೇ ನೇರ ಗೆರೆಯಾಗಿರಬೇಕಿತ್ತು. ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುವ ಉಕ್ಕಿನ ಪುಟ್ಟ ಸ್ಕೇಲು ಹಿಡಿದು ಎರಡು ಸಲ ಅಳೆದೆ. ಎರಡು ಸಲವೂ ನಾಲ್ಕೇ ಬಂತು.

ಆ ಗೆರೆ ಎಳೆದವರು ನಮ್ಮಪ್ಪ. ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಗ್ಯಾರೇಜು. ಬೈಕಿನ ಕ್ಲಚ್ ಬಿಚ್ಚಿ ಜೋಡಿಸಿದಾಗಲೆಲ್ಲ, ನಡುವಿನ ದೊಡ್ಡ ನಟ್ಟನ್ನು ಬಿಗಿದ ಮೇಲೆ ಅದರ ಮೇಲೊಂದು ಉಗುರುಬಣ್ಣದ ಗೆರೆ ಎಳೆಯುವುದು ಅವರ ಪದ್ಧತಿ. ನಟ್ಟು ಸ್ವಲ್ಪ ತಿರುಗಿದ್ದರೂ ಮುಂದಿನ ಸಲ ಬಿಚ್ಚಿದಾಗ ಗೊತ್ತಾಗಲಿ ಎಂದು. ಬಣ್ಣದ ಶೀಶೆಯನ್ನು ಅವರೇ ಬಳೆ ಅಂಗಡಿಗೆ ಹೋಗಿ ತರುತ್ತಾರೆ. ಅಂಗಡಿಯಾಕೆ ಪ್ರತಿ ಸಲವೂ, "ಗುಲಾಬಿ ಕೊಡ್ಲೇನ್ರಿ ಅಣ್ಣಾರೆ? ನಿಮ್ಮ ಕೈಗೆ ಗುಲಾಬಿ ಒಪ್ತೈತೆ," ಎನ್ನುತ್ತಾಳೆ. ಅಪ್ಪ ಪ್ರತಿ ಸಲವೂ ಕೆಂಪನ್ನೇ ತರುತ್ತಾರೆ. ನನಗೆ ತಿಳಿದಂತೆ ಅಲ್ಲಿಯವರೆಗೆ ಅವರು ಎಳೆದ ಗೆರೆ ಒಂದು ಸಲವೂ ಮುರಿದಿರಲಿಲ್ಲ.

ಬೈಕು ಕಡರನಾಯಕನಹಳ್ಳಿಯ ಒಬ್ಬ ರೈತರದು. ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರು, ಮಾತುಗಾರರು. ಶನಿವಾರ ಸಂಜೆ ಬಿಸಿಲು ಇಳಿಯುವ ಮೊದಲೇ ಬಂದರು. ಕೊನೆಯ ಒಂದು ಮೈಲಿ ಗಾಡಿಯನ್ನು ತಳ್ಳಿಕೊಂಡೇ ಬಂದಿದ್ದರು. ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, "ಏನ್ರಿ ಮೇಸ್ತ್ರಿ, ನಮ್ಮ ಗಾಡಿಗೆ ಗೆಜ್ಜೆ ಕಟ್ಟಿ ಕೊಟ್ಟೀರೇನು? ಶುರು ಮಾಡಿದ್ರೆ ಸಾಕು, ಒಳಗೆ ಒಂದೇ ಸಮ ಕುಣೀತೈತೆ," ಎಂದರು.

"ಗೆಜ್ಜೆ ನಾನು ಕಟ್ಟಿಲ್ಲಪ್ಪ. ಹಿಂದೆ ಕೂತಿರ್ತಾರಲ್ಲ, ಅವರ ಬಳೆ ಸದ್ದು ಇರಬೇಕು," ಎಂದರು ಅಪ್ಪ.

"ಆಕೆ ಹತ್ತೋದು ಬಿಟ್ಟು ಎರಡು ದಿನ ಆತು. ಮೊನ್ನೆ ಹರಿಹರದಾಗೆ ರೈಲ್ವೆ ಗೇಟು ಹಾಕಿತ್ತು. ಕ್ಲಚ್ ಹಿಡಿದೀನಿ, ಗಾಡಿ ನಿಲ್ಲವಲ್ದು. ಸೀದಾ ಹೋಗಿ ಮುಂದಿನ ಟ್ರಾಲಿಗೆ ಮುತ್ತು ಕೊಡ್ತು. ಟ್ರಾಲಿ ತುಂಬ ಕಬ್ಬು, ನನ್ನ ಮುಖಕ್ಕೆ ಒಂದು ಗೇಣು ಐತೆ. ಈಕೆ ಹಿಂದಿನಿಂದ ಬೆನ್ನಿಗೆ ಗುದ್ದಿದ್ಲು ನೋಡ್ರಿ, ಅದು ಇನ್ನೂ ನೋಯ್ತೈತೆ. ಟ್ರಾಲಿದು ನೋವಿಲ್ಲ."

ಅವರು ನಕ್ಕರು. ಅಪ್ಪ ನಗಲಿಲ್ಲ. ಗಾಡಿಯ ಬಲಬದಿಗೆ ಕುಕ್ಕರಗಾಲಿನಲ್ಲಿ ಕೂತು, ಶುರು ಮಾಡಿ, ಕ್ಲಚ್ಚಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಗಾಡಿ ಆಫ್ ಮಾಡಿ, ಆಯಿಲ್ ಇಳಿಸಿ, ಮುಚ್ಚಳ ತೆಗೆದರು. ಪ್ಲೇಟುಗಳನ್ನು ಒಂದೊಂದಾಗಿ ಹೊರಗಿಟ್ಟ ಮೇಲೆ ನಡುವಿನ ನಟ್ಟು ಕಾಣಿಸಿತು. ನಾನು ಅಳೆದೆ. ಅಪ್ಪ ಆ ನಟ್ಟನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ತಿರುಗಿಸಿದರು. ಬರಿಗೈಗೆ ತಿರುಗಿತು.

ಆ ನಟ್ಟು ಏನು ಮಾಡುತ್ತದೆ ಎಂದು ಇಲ್ಲಿ ಹೇಳಬೇಕು. ಎಂಜಿನಿನ ಶಕ್ತಿಯನ್ನು ಗೇರಿಗೆ ದಾಟಿಸುವುದು ಕ್ಲಚ್ಚು. ಕ್ಲಚ್ಚಿನ ಪ್ಲೇಟುಗಳನ್ನು ಹೊತ್ತಿರುವ ಗಾಲಿಯನ್ನು ಶಾಫ್ಟಿಗೆ ಹಿಡಿದು ನಿಲ್ಲಿಸುವುದು ಈ ಒಂದೇ ನಟ್ಟು. ಅದರ ಅಡಿಗೆ ತಟ್ಟೆಯಂತೆ ಬಾಗಿದ ಒಂದು ವಾಷರ್ ಇರುತ್ತದೆ. ಆ ಬಾಗು ಪೂರ್ತಿ ಚಪ್ಪಟೆಯಾಗುವಷ್ಟು ಬಿಗಿದರೆ ಮಾತ್ರ ಅದು ನಟ್ಟನ್ನು ಬಿಡದೆ ಹಿಡಿಯುತ್ತದೆ. ಕಡಿಮೆ ಬಿಗಿದರೆ ಎಂಜಿನಿನ ನಡುಕಕ್ಕೆ ನಟ್ಟು ದಿನಕ್ಕಿಷ್ಟು ಸಡಿಲಾಗುತ್ತದೆ, ಗಾಲಿ ಓಲಾಡುತ್ತದೆ, ಮತ್ತು ಒಂದು ದಿನ ಸವಾರ ಕ್ಲಚ್ ಹಿಡಿದರೂ ಗಾಡಿ ಅವನ ಮಾತು ಕೇಳುವುದಿಲ್ಲ. ಹೆಚ್ಚು ಬಿಗಿದರೂ ತಪ್ಪು, ನಟ್ಟಿನೊಳಗಿನ ಸುರುಳಿ ಗೆರೆ, ಎಂದರೆ ಮರೆ, ಸವೆದು ಹೋಗುತ್ತದೆ. ಅಪ್ಪ ಹೆಚ್ಚಾಗಿ ರಿಪೇರಿ ಮಾಡುವ ಆ ಜಾತಿಯ ಬೈಕಿಗೆ ಕೈಪಿಡಿ ಹೇಳುವ ಬಿಗಿತ ಐವತ್ತೈದು ನ್ಯೂಟನ್ ಮೀಟರ್. ಎಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಐದೂವರೆ ಕಿಲೋ ತೂಕ ನೇತು ಹಾಕಿದಷ್ಟು.

ಅಪ್ಪನಿಗೆ ಈ ಅಂಕಿ ಬೇಕಿರಲಿಲ್ಲ. ಗಾಡಿಯನ್ನು ಗೇರಿಗೆ ಹಾಕಿ, ಒಬ್ಬರು ಸೀಟಿನ ಮೇಲೆ ಕೂತು ಹಿಂದಿನ ಬ್ರೇಕನ್ನು ಕಾಲಿನಲ್ಲಿ ಒತ್ತಿ ಹಿಡಿಯಬೇಕು. ಆಗ ಶಾಫ್ಟು ತಿರುಗುವುದಿಲ್ಲ. ಅಪ್ಪ ನಟ್ಟಿಗೆ ಪಾನಾ ಹಾಕಿ ಎಳೆಯುತ್ತಾರೆ, ಕೈ ಸಾಕು ಅಂದಾಗ ನಿಲ್ಲಿಸುತ್ತಾರೆ. ಹೈಸ್ಕೂಲಿನ ದಿನಗಳಿಂದ ಬ್ರೇಕು ಒತ್ತುವವಳು ನಾನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವಾಗಲೂ ಸೀಟಿನ ಮೇಲೆ ನೋಟ್ಸು ಹಿಡಿದು ಕೂತು ಒತ್ತಿದ್ದೇನೆ. ಈಗ ಹರಿಹರದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಅಳತೆಯ ಸಾಧನಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆಯುವುದು ನನ್ನ ಕೆಲಸ. ರಜೆಯ ದಿನ ಬ್ರೇಕು ಒತ್ತುವುದು ತಪ್ಪಿಲ್ಲ.

ಆ ರೈತರಿಗೆ ಅಪ್ಪ ತಮ್ಮ ಸ್ಕೂಟರ್ ಕೊಟ್ಟು ಕಳಿಸಿದರು. ಓಲಾಡಿ ಓಲಾಡಿ ಗಾಲಿಯ ಹಲ್ಲುಗಳು ಸವೆದಿದ್ದವು, ಹೊಸದು ತರಿಸಬೇಕಿತ್ತು. "ಒಂದು ವಾರ ತಡೀರಿ," ಎಂದರು. ನನಗೆ, "ಯಾರಿಗೂ ಹೇಳಬ್ಯಾಡ ಅವ್ವ. ಒಂದು ನಟ್ಟು. ಇಷ್ಟು ವರ್ಷದಾಗೆ ಒಂದು," ಎಂದರು.

ನಾನು ಯಾರಿಗೂ ಹೇಳಲಿಲ್ಲ. ಹೇಳದಿರುವುದು ನನಗೆ ಸುಲಭ.

ಆ ವಾರ ಮನೆಯೊಳಗೆ ಒಂದೊಂದೇ ವಸ್ತು ಬಿಗಿಯಾಗತೊಡಗಿತು. ಸೋಮವಾರ ಅಮ್ಮನಿಗೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲಾಗಲಿಲ್ಲ. ಮಂಗಳವಾರ ಬಚ್ಚಲಿನ ನಲ್ಲಿಯ ಹಿಡಿ ತಿರುಗಲಿಲ್ಲ. ನಾನು ಬಟ್ಟೆ ಸುತ್ತಿ ತಿರುಗಿಸಿದಾಗ ಒಳಗಿನ ರಬ್ಬರು ನಜ್ಜುಗುಜ್ಜಾಗಿತ್ತು. ಬುಧವಾರ ಕುಡಿಯುವ ನೀರಿನ ಬಾಟಲಿ, ಕೊಬ್ಬರಿ ಎಣ್ಣೆಯ ಡಬ್ಬಿ. "ಈ ಮನೆಗೆ ಏನು ಹೊಕ್ಕೈತೋ ಏನೋ," ಎಂದು ಅಮ್ಮ ಗೊಣಗಿದಳು, "ನಾಳೆ ಅನ್ನದ ಪಾತ್ರೆಗೂ ನಟ್ಟು ಬಿಗೀರಿ. ಯಾರೂ ಉಣ್ಣೋದು ಬ್ಯಾಡ."

ಅಪ್ಪ ತಲೆ ಎತ್ತದೆ ಉಂಡರು. ಅವರು ತಮ್ಮ ಕೈಯನ್ನು ಪರೀಕ್ಷಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಗುರುವಾರ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ನೋಡಿದೆ. ಗ್ಯಾರೇಜಿನ ಬಾಗಿಲಿಗೆ ಬೆನ್ನು ಹಾಕಿ ನಿಂತು, ಒದ್ದೆ ಟವೆಲನ್ನು ಹಿಂಡುತ್ತಿದ್ದರು. ನೀರು ನಿಂತ ಮೇಲೂ ಹಿಂಡುತ್ತಿದ್ದರು. ನಾನು ಹೆಜ್ಜೆಯ ಸದ್ದಾಗದಂತೆ ದಾಟಿ ಬಸ್ಸಿಗೆ ನಡೆದೆ.

ಶನಿವಾರ ನಮ್ಮ ಮೇಲಧಿಕಾರಿಯ ಅನುಮತಿ ಪಡೆದು, ಗೇಟ್ ಪಾಸಿನಲ್ಲಿ ಬರೆಸಿ, ಒಂದು ಟಾರ್ಕ್ ರೆಂಚ್ ಮನೆಗೆ ತಂದೆ. ಅದು ಬಿಗಿತ ಅಳೆಯುವ ಪಾನಾ. ಹಿಡಿಯನ್ನು ತಿರುಗಿಸಿ ಬೇಕಾದ ಅಂಕಿಗೆ ಇಟ್ಟರೆ, ನಟ್ಟಿನ ಬಿಗಿತ ಅಷ್ಟಕ್ಕೆ ಮುಟ್ಟಿದ ಕ್ಷಣ ಟಕ್ ಎನ್ನುತ್ತದೆ. ಭಾನುವಾರ ಮಧ್ಯಾಹ್ನ, ರೈತರ ಗಾಡಿಗೆ ಹೊಸ ಗಾಲಿ, ಹೊಸ ವಾಷರ್ ಕೂರಿಸಿದ ಮೇಲೆ, ನಾನು ಅದನ್ನು ಪೆಟ್ಟಿಗೆಯಿಂದ ತೆಗೆದೆ.

"ಏನವ್ವ, ನನಗೆ ಪರೀಕ್ಷೆ ಇಟ್ಟೀಯ?"

"ನಟ್ಟಿಗೆ, ಅಪ್ಪ."

"ಎರಡೂ ಒಂದೇ. ಕೂಡು, ಬ್ರೇಕ್ ಒತ್ತು."

ಒತ್ತಿದೆ. ಅಪ್ಪ ತಮ್ಮ ಪಾನಾದಿಂದ ಎಂದಿನಂತೆ ಬಿಗಿದರು. ಕುತ್ತಿಗೆಯ ನರ ಒಮ್ಮೆ ಉಬ್ಬಿ ಇಳಿಯಿತು. "ಆತು," ಎಂದು ಎದ್ದು ನಿಂತರು. ನಾನು ಇಳಿದು ಅವರನ್ನು ಸೀಟಿನ ಮೇಲೆ ಕೂರಿಸಿ, ರೆಂಚನ್ನು ಮೂವತ್ತಕ್ಕೆ ಇಟ್ಟು ಎಳೆದೆ. ನಟ್ಟು ಅಲುಗದೆ ಟಕ್ ಎಂದಿತು. ಮೂವತ್ತೈದಕ್ಕೆ ಇಟ್ಟು ಎಳೆದೆ. ಟಕ್ ಎನ್ನುವ ಮೊದಲೇ ನಟ್ಟು ಅಲುಗಿತು.

ಅಪ್ಪ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕೇಳಿದರು. "ಎಷ್ಟಿರಬೇಕು?"

"ಐವತ್ತೈದು."

"ಎಷ್ಟೈತೆ?"

"ಮೂವತ್ತಮೂರು, ಮೂವತ್ತನಾಲ್ಕು."

ಅವರು ಬಲಗೈಯನ್ನು ತಿರುಗಿಸಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ನೋಡಿಕೊಂಡರು. ಆಮೇಲೆ ಇಳಿದು, ಸೋಪಿನಪುಡಿ ಹಾಕಿ ಮೊಣಕೈವರೆಗೂ ತೊಳೆದುಕೊಂಡರು, ಕೆಲಸ ಇನ್ನೂ ಬಾಕಿ ಇದ್ದರೂ. "ಹಂಗಾದ್ರೆ ಕೈ ಹೋಗೈತೆ," ಎಂದರು. "ಉಳಿದದ್ದು ನೀನೇ ಬಿಗಿ. ನಾಳೆಯಿಂದ ಪಂಕ್ಚರ್ ಹಾಕ್ಕೊಂಡು ಇರ್ತೀನಿ."

ಆ ಕ್ಷಣದಲ್ಲೇ ನನ್ನ ಕಣ್ಣು ಅವರು ಕೆಳಗಿಟ್ಟ ಪಾನಾದ ಮೇಲೆ ಬಿತ್ತು.

ಅದನ್ನು ಕೊಟ್ಟವಳು ನಾನು. ಕಳೆದ ಆಯುಧಪೂಜೆಗೆ, ಕೆಲಸ ಸಿಕ್ಕ ಮೇಲಿನ ಮೊದಲನೆಯದಕ್ಕೆ, ಕೊಟ್ಟದ್ದು. ಕನ್ನಡಿಯಂತೆ ಹೊಳೆಯುವ, ಒಂದೇ ದಿಕ್ಕಿಗೆ ಹಿಡಿದು ತಿರುಗಿಸುವ ರ‍್ಯಾಚೆಟ್ ಹಿಡಿಕೆ, ಅಂಗೈಗೆ ಒತ್ತದ ರಬ್ಬರು ಹಿಡಿ. ಅದಕ್ಕೆ ಮೊದಲು ಅಪ್ಪನ ಬಳಿ ಇದ್ದದ್ದು ಕಬ್ಬಿಣದ ಸರಳಿನ ತುದಿಗೆ ಬೆಸುಗೆ ಹಾಕಿದ ಒಂದು ಒರಟು ಪಾನಾ. ಹರಿಹರದಲ್ಲಿ ಅವರಿಗೆ ಕೆಲಸ ಕಲಿಸಿದ ಗುರು ತಮ್ಮ ಕೈಯಾರೆ ಮಾಡಿಕೊಟ್ಟದ್ದು. ಆ ಗುರುವಿನ ಶಿಷ್ಯರದೆಲ್ಲ ಒಂದು ಕಟ್ಟಳೆ: ಹೊಸ ಹತ್ಯಾರ ಬಳಕೆಗೆ ಬರುವುದು ಆಯುಧಪೂಜೆಯ ದಿನವೇ, ಅದು ಬಂದರೆ ಹಳೆಯದಕ್ಕೆ ವಿಭೂತಿ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ಗೂಡಿನಲ್ಲಿಡಬೇಕು, ಮತ್ತೆ ಕೆಲಸಕ್ಕೆ ಎತ್ತಬಾರದು. ಅಂದು ಅಪ್ಪ ಹೊಸದನ್ನು ಅಂಗೈಯಲ್ಲಿ ತೂಗಿ ನೋಡಿ, "ಹಗುರ ಐತೆ," ಎಂದಿದ್ದರು. ಹಳೆಯದನ್ನು ಸುತ್ತಿಟ್ಟರು.

ಸಂಜೆ ಅಪ್ಪ ಫೋನ್ ಹಿಡಿದು ಕೂತಿದ್ದಾಗ ನಾನು ಗೂಡಿನಿಂದ ಆ ಗಂಟು ಇಳಿಸಿ ಬಿಚ್ಚಿದೆ. ನಟ್ಟಿನ ನಡುವಿನಿಂದ ಕೈ ಹಿಡಿಯುವ ಜಾಗದವರೆಗೆ ಹಳೆಯದು ನಲವತ್ತೊಂದು ಸೆಂಟಿಮೀಟರ್. ಹೊಸದು ಇಪ್ಪತ್ತೈದು. ಅದೇ ಕೈ, ಅದೇ ಬಲ. ಐವತ್ತೈದನ್ನು ನಲವತ್ತೊಂದರಿಂದ ಭಾಗಿಸಿ ಇಪ್ಪತ್ತೈದರಿಂದ ಗುಣಿಸಿದರೆ ಮೂವತ್ತಮೂರೂವರೆ. ಕಾಗದ ಬೇಕಾಗಲಿಲ್ಲ.

ಅಪ್ಪನ ಕೈಗೆ ಏನೂ ಆಗಿರಲಿಲ್ಲ. ಆಗಲೇ ಹೋಗಿ ಹೇಳಬೇಕಿತ್ತು. ನಾನು ಗಂಟನ್ನು ಮೊದಲಿನಂತೆಯೇ ಕಟ್ಟಿ, ಇದ್ದ ಜಾಗದಲ್ಲೇ ಇಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಯೋಚಿಸಿದ್ದೇನೆ. ತಪ್ಪು ಕಂಡುಹಿಡಿಯುವುದು ನನ್ನ ಉದ್ಯೋಗ. ಇನ್ನೊಬ್ಬರ ಸಾಧನದಲ್ಲಿ ದೋಷ ಕಂಡರೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುತ್ತೇನೆ, ಮುಖ ನೋಡುವುದಿಲ್ಲ. ಈ ಸಲ ಚೀಟಿ ಅಂಟಿಸಬೇಕಾದದ್ದು ನಾನೇ ಕೊಟ್ಟ ವಸ್ತುವಿಗೆ. ಅದು ಕಾರಣವಿರಬಹುದು. ಅದು ಸಾಲದು ಎಂದೂ ಗೊತ್ತು.

ಅಪ್ಪನ ಬಳಿ ಯಾವ ಗಾಡಿ ಯಾವಾಗ ಬಂತು ಎಂಬ ಪುಸ್ತಕವಿಲ್ಲ. ಫೋನಿನಲ್ಲಿ ಗಿರಾಕಿಗಳ ಹೆಸರುಗಳೂ ಇಲ್ಲ. "ಕರಿ ಟ್ಯಾಂಕು", "ಸೈಡ್ ಮಿರರ್ ಇಲ್ದಿದ್ದು", "ಹಾರನ್ ಜಾಸ್ತಿ" ಎಂದೇ ಇರುತ್ತದೆ. ನೆನಪಿನಿಂದ ಲೆಕ್ಕ ಹಾಕಿದರು. ಆಯುಧಪೂಜೆಗೆ ಮೊದಲು ಬಿಗಿದವುಗಳ ಗೆರೆ ಮತ್ತೆ ಬಿಚ್ಚಿದಾಗ ನೆಟ್ಟಗೇ ಇತ್ತು, ಅನುಮಾನ ಆಮೇಲಿನವುಗಳ ಮೇಲೆ ಮಾತ್ರ. ಆಯುಧಪೂಜೆಯ ನಂತರ ಕ್ಲಚ್ ಬಿಚ್ಚಿದ್ದು ಆರು ಗಾಡಿಗೆ. ಒಂದು ರೈತರದು, ಎದುರಿಗೇ ಇತ್ತು. ನಾಲ್ವರು ಫೋನ್ ಎತ್ತಿದರು. "ಗಾಡಿ ಹತ್ತಬ್ಯಾಡ್ರಿ, ತಳ್ಳಿಕೊಂಡು ಬರ್ರಿ, ಕಾರಣ ಆಮೇಲೆ ಹೇಳ್ತೀನಿ," ಎಂದು ಪ್ರತಿಯೊಬ್ಬರಿಗೂ ಒಂದೇ ಮಾತು. ಆರನೆಯದು ಬೂದಿ ಬಣ್ಣದ ಗಾಡಿ. "ಬೂದಿ, ಎರಡು ಮಕ್ಳು" ಎಂದು ಇದ್ದ ಆ ನಂಬರು ಈಗ ಬಳಕೆಯಲ್ಲಿಲ್ಲ ಎಂದು ಹೆಣ್ಣುದನಿಯೊಂದು ಹೇಳಿತು. ಅಪ್ಪ ಮತ್ತೆ ಹಚ್ಚಿದರು. ಮತ್ತೆ ಅದೇ ದನಿ.

ಆ ಗಾಡಿ ನನಗೆ ನೆನಪಿತ್ತು. ದೀಪಾವಳಿಗೆ ಮುಂಚಿನ ಒಂದು ಭಾನುವಾರ. ಹರಿಹರದ ಹೊಳೆಯಾಚೆಯಿಂದ ದಿನಾ ಸೇತುವೆ ದಾಟಿ ಊರಿಗೆ ಬರುವ ಆತ ಅಂದು ಮಕ್ಕಳನ್ನೂ ಕರೆತಂದಿದ್ದ. ಹುಡುಗಿಗೆ ಆರೇಳು ವರ್ಷ, ಅವಳ ತಮ್ಮ ಇನ್ನೂ ಚಿಕ್ಕವನು. ಅಮ್ಮ ಅವರಿಬ್ಬರಿಗೂ ಮಂಡಕ್ಕಿ ಕಲೆಸಿಕೊಟ್ಟಿದ್ದಳು. ಹುಡುಗಿ ತಟ್ಟೆ ಹಿಡಿದುಕೊಂಡೇ ಬಂದು, "ಗಾಡಿಗೆ ಯಾಕ್ರಿ ನೇಲ್ ಪಾಲಿಷು?" ಎಂದು ಅಪ್ಪನನ್ನು ಕೇಳಿದ್ದಳು. "ಗಾಡಿ ಹೆಣ್ಣು ಮಗು ಅಲ್ಲೇನವ್ವ, ಹಬ್ಬಕ್ಕೆ ರೆಡಿ ಆಗ್ತೈತೆ," ಎಂದಿದ್ದರು ಅಪ್ಪ. ಆ ದಿನವೂ ಸೀಟಿನ ಮೇಲೆ ಕೂತು ಬ್ರೇಕು ಒತ್ತಿದವಳು ನಾನೇ.

ಸೋಮವಾರ ರಜೆ ಹಾಕಿದೆ. ರೆಂಚನ್ನು ಇನ್ನೊಂದು ದಿನ ಇಟ್ಟುಕೊಳ್ಳಲು ಫೋನಿನಲ್ಲೇ ಅನುಮತಿ ಕೇಳಿದೆ. ಬೆಳಗ್ಗೆ ಏಳಕ್ಕೆ ಮೊದಲ ಗಾಡಿ ಬಂತು. ಬಿಚ್ಚಿದೆವು. ಗೆರೆಯ ತುಂಡುಗಳ ನಡುವೆ ಒಂದು ಮಿಲಿಮೀಟರ್. ಎರಡನೆಯದರಲ್ಲಿ ಎರಡು. ಮೂರನೆಯದರಲ್ಲಿ ಗೆರೆ ಸರಿಯಾಗಿತ್ತು. ಅದರ ಮಾಲೀಕ ಗಾಡಿಯನ್ನು ಹೆಚ್ಚು ಓಡಿಸದ, ಶಾನುಭೋಗರ ಕಾಲದ ಮುದುಕರಂತೆ ಮೆಲ್ಲಗೆ ಮಾತಾಡುವ ಒಬ್ಬ ಮೇಷ್ಟ್ರು. ನಾಲ್ಕನೆಯದರಲ್ಲಿ ಮೂರು. ಗಾಡಿ ಎಷ್ಟು ಓಡಿದೆಯೋ ಅಷ್ಟು ಅಂತರ. ಮೀಟರುಗಳನ್ನು ನೋಡಿ ನಾನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ದಿನಾ ಹೊಳೆ ದಾಟುವ ಬೂದಿ ಗಾಡಿಗೆ ಎಷ್ಟಾಗಿರಬಹುದು ಎಂಬ ಲೆಕ್ಕ ತಾನಾಗಿಯೇ ಬಂತು. ರೈತರದಕ್ಕಿಂತ ಹೆಚ್ಚು.

ಪ್ರತಿ ಗಾಡಿಯಲ್ಲೂ ಅಪ್ಪ ಹಳೆಯ ವಾಷರ್ ತೆಗೆದು ಹೊಸದು ಹಾಕಿ, ನಟ್ಟನ್ನು ಕೈಯಿಂದ ಕೂರಿಸಿ, ಎದ್ದು ಸೀಟಿನ ಮೇಲೆ ಕೂತು ಬ್ರೇಕು ಒತ್ತುತ್ತಿದ್ದರು. ಬಿಗಿಯುವವಳು ನಾನು. ಇಷ್ಟು ವರ್ಷದ ನಮ್ಮ ಜಾಗಗಳು ಅದಲುಬದಲಾಗಿದ್ದವು. ರೆಂಚು ಟಕ್ ಎಂದಾಗಲೆಲ್ಲ ಅವರು ಬೀದಿಯ ಕಡೆ ನೋಡುತ್ತಿದ್ದರು. ಆಟೋಗಳು ಹೋಗುತ್ತಿದ್ದವು. ಎರಡನೆಯ ಗಾಡಿಯವರು, "ಏನ್ ಮೇಸ್ತ್ರಿ, ಮಗಳಿಗೆ ಗದ್ದುಗೆ ಬಿಟ್ಟು ಕೊಟ್ರೇನು?" ಎಂದು ತಮಾಷೆ ಮಾಡಿದರು. "ಹೂಂ. ನಂದು ಮುಗೀತು," ಎಂದರು ಅಪ್ಪ. ಅವರು ತಮಾಷೆಯ ಮುಖ ಮಾಡಿರಲಿಲ್ಲ.

ನಾನು ಬಾಯಿ ಬಿಡಬಹುದಾಗಿದ್ದ ಗಳಿಗೆ ಅದು. ಬಿಡಲಿಲ್ಲ. ಮುಂದಿನ ನಟ್ಟಿಗೆ ರೆಂಚು ಹಾಕಿದೆ.

ಬಿಡುವು ಸಿಕ್ಕಾಗಲೆಲ್ಲ ಅಪ್ಪ ಅದೇ ನಂಬರಿಗೆ ಹಚ್ಚುತ್ತಿದ್ದರು. ಹರಿಹರದ ತಮ್ಮ ಪರಿಚಯದ ಮೆಕ್ಯಾನಿಕ್ಕುಗಳಿಗೆ ಫೋನ್ ಮಾಡಿ, "ಬೂದಿ ಗಾಡಿ, ಬಲಗಡೆ ಸೈಲೆನ್ಸರಿಗೆ ತಂತಿ ಸುತ್ತೈತೆ, ಕಂಡ್ರೆ ನಿಲ್ಲಿಸ್ರಿ," ಎಂದು ಹೇಳಿದರು. ಅತ್ತ ಕಡೆಯಿಂದ ಯಾರೋ ನಕ್ಕಿದ್ದು ನನಗೂ ಕೇಳಿಸಿತು. "ಹರಿಹರದಾಗೆ ಅರ್ಧ ಗಾಡಿಗೆ ತಂತಿನೇ ಸುತ್ತೈತೆ ಕಣಣ್ಣ."

ಸಂಜೆ ಆರರ ಹೊತ್ತಿಗೆ ನಾಲ್ಕನೆಯ ಗಾಡಿ ಹೋಯಿತು. ಅಪ್ಪ ಪಾನಾಗಳನ್ನು ಒರೆಸಿ ಮೊಳೆಗೆ ತೂಗುಹಾಕತೊಡಗಿದರು. ನಾನು ಕೊಟ್ಟದ್ದನ್ನು ಉಳಿದವಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಅಪ್ಪ, ಕೈ ಅಲ್ಲ. ಅದು."

"ಯಾವುದು?"

"ಅದರ ಹಿಡಿ ಗಿಡ್ಡ ಐತೆ. ಹಳೇದಕ್ಕಿಂತ ಹದಿನಾರು ಸೆಂಟಿಮೀಟರ್ ಗಿಡ್ಡ. ನೀನು ಮೊದಲಿನಷ್ಟೇ ಎಳೀತಿದ್ದೀಯ. ನಿನ್ನೆನೇ ಅಳೆದೆ."

ಅವರು ಒರೆಸುವುದನ್ನು ನಿಲ್ಲಿಸಿದರು. "ನಿನ್ನೆನೇ?"

"ಹೂಂ."

"ಇವತ್ತು ಇಡೀ ದಿನ ಗೊತ್ತಿತ್ತಾ?"

ನಾನು ರೆಂಚನ್ನು ಪೆಟ್ಟಿಗೆಗೆ ಹಾಕಿದೆ. ಅವರು ಒಳಗೆ ಹೋಗಿ ಗೂಡಿನಿಂದ ಗಂಟನ್ನು ತಂದರು, ಬಿಚ್ಚಲಿಲ್ಲ, ಬಟ್ಟೆಯ ಮೇಲಿನಿಂದಲೇ ಹೊಸದನ್ನು ಪಕ್ಕಕ್ಕಿಟ್ಟು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಗಿಡ್ಡ ಅಂತ ಗೊತ್ತಿತ್ತವ್ವ," ಎಂದರು. "ನೀನು ಕೊಟ್ಟಿದ್ದು. ಕೈ ಒಗ್ಗುತ್ತೆ ಬಿಡು ಅಂದ್ಕೊಂಡೆ."

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಕೈಗೆ ಏನೂ ಆಗಿಲ್ಲ ಅಂದ್ರೆ ಒಳ್ಳೇದೇ ಆತಲ್ಲ. ಬರ್ರಿ, ಚಾ ಕುಡೀರಿ," ಎಂದಳು.

"ಏನು ಒಳ್ಳೇದು?" ಅಪ್ಪನ ದನಿ ಏರಿತು. ಅವರು ಅಮ್ಮನ ಮೇಲೆ ದನಿ ಏರಿಸುವವರಲ್ಲ. "ಕೈ ಐತೆ ಅಂತ ಕುಣೀಲಾ? ಆ ಕೂಸುಗಳು ನಾಳೆ ಬೆಳಿಗ್ಗೆ ಮತ್ತೆ ಆ ಗಾಡಿ ಹತ್ತತಾವೆ. ಸೇತುವೆ ಮೇಲೆ ಲಾರಿ ಹಿಂದೆ ಕ್ಲಚ್ ಹಿಡಿತಾನೆ ಆ ಮನುಷ್ಯ. ಅದು ಬಿಡ್ಲಿಲ್ಲ ಅಂದ್ರೆ?"

ಒಳಗೆ ಚಹಾ ಉಕ್ಕಿ ಒಲೆ ಆರಿದ ವಾಸನೆ ಬಂತು, ಅಮ್ಮ ಓಡಿದಳು.

ಆಗ ನನಗೆ ಆ ಭಾನುವಾರದ ಇನ್ನೊಂದು ಮಾತು ನೆನಪಾಯಿತು. ಸಂಜೆಯೊಳಗೆ ಗಾಡಿ ಬೇಕೇ ಬೇಕು ಎಂದು ಆತ ಅವಸರ ಮಾಡಿದ್ದ. "ನಮ್ಮನೆ ಹೊಳೆ ಆಚೆ ಐತ್ರಿ. ದಿನಾ ಎಂಟೂವರೆ ಒಳಗೆ ಇವರನ್ನ ದೇವಸ್ಥಾನದ ಹತ್ರ ಸ್ಕೂಲಿಗೆ ಬಿಟ್ಟು ನಾನು ಡ್ಯೂಟಿಗೆ ಓಡಬೇಕು," ಎಂದಿದ್ದ. ಎಂದರೆ ಎಂಟೂವರೆಗೆ ಮೊದಲು ಅವರು ಸೇತುವೆ ದಾಟಲೇಬೇಕು. ಅಪ್ಪನಿಗೆ ಹೇಳಿದೆ. "ನಾನೂ ಬರ್ತೀನಿ," ಎಂದರು. ಅಷ್ಟರಲ್ಲಿ ರೈತರ ಫೋನ್ ಬಂತು, ಬೆಳಗ್ಗೆ ಎಂಟಕ್ಕೇ ಗಾಡಿ ಒಯ್ಯಲು ಬರುತ್ತೇನೆ ಎಂದು. ಅವರ ಗಾಡಿಯ ಮುಚ್ಚಳ ಇನ್ನೂ ಕೂರಿಸಿರಲಿಲ್ಲ. "ನೀನು ಅವರಿಗೆ ಗಾಡಿ ಕೊಡು, ಅಪ್ಪ. ಅಲ್ಲಿಗೆ ನಾನು ಹೋಗ್ತೀನಿ," ಎಂದೆ. ಒಬ್ಬಳೇ ಹೋಗಬೇಕು ಅನಿಸಿತ್ತು.

ಮರುದಿನ ಬೆಳಗ್ಗೆ ಏಳಕ್ಕೆ ಮುಂಚೆಯೇ ಹರಿಹರದಲ್ಲಿ ಬಸ್ಸಿಳಿದು, ಸೇತುವೆ ಊರಿಗೆ ಸೇರುವ ಕಡೆ ರಸ್ತೆಯ ಅಂಚಿನಲ್ಲಿ ನಿಂತೆ. ಹೊಳೆಯಲ್ಲಿ ನೀರು ಕಡಿಮೆಯಾಗಿ ಬಂಡೆಗಳು ಎದ್ದಿದ್ದವು. ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಅವುಗಳ ಸಂದಿಯಲ್ಲಿ ಬೈಕುಗಳು. ಬೂದಿ ಬಣ್ಣದ ಬೈಕುಗಳು ಅಷ್ಟೊಂದಿವೆ ಎಂದು ನನಗೆ ಗೊತ್ತಿರಲಿಲ್ಲ. ಒಂದರ ಮೇಲೆ ಹಾಲಿನ ಕ್ಯಾನು, ಒಂದರ ಮೇಲೆ ಗಂಡ ಹೆಂಡತಿ, ಒಂದರ ಮೇಲೆ ಗೋಣಿಚೀಲ. ಏಳೂವರೆಯಾಯಿತು. ಎಂಟಾಯಿತು. ಚಹಾದ ಗಾಡಿಯವನು, "ಯಾರಿಗೆ ಕಾಯ್ತೀರಿ ಅಕ್ಕಾರೆ?" ಎಂದು ಎರಡು ಸಲ ಕೇಳಿದ. ಎಂಟೂಕಾಲಿನ ನಂತರ, ಅವರು ಈಗಾಗಲೇ ದಾಟಿ ಹೋಗಿರಬಹುದು ಅಥವಾ ಎಂದೂ ಬರದಿರಬಹುದು ಎಂಬ ಯೋಚನೆ ಬಂತು. ಸೇತುವೆಯ ಆಚೆ ತುದಿಯಲ್ಲಿ ವಾಹನಗಳು ಯಾಕೋ ನಿಂತಿದ್ದವು. ಯಾಕೆ ನಿಂತಿವೆ ಎಂದು ಕಾಣುತ್ತಿರಲಿಲ್ಲ. ನಾನು ಆ ಕಡೆಗೆ ನಡೆಯತೊಡಗಿದೆ.

ನಾಲ್ಕು ಹೆಜ್ಜೆ ಇಡುವುದರೊಳಗೆ ಸಾಲು ಬಿಟ್ಟಿತು. ಜಲ್ಲಿ ತುಂಬಿದ ಒಂದು ಲಾರಿ, ಅದರ ಹಿಂದೆ ಬೂದಿ ಬೈಕು. ಟ್ಯಾಂಕಿನ ಮೇಲೆ ಹುಡುಗ, ಹಿಂದೆ ಎರಡು ಬ್ಯಾಗು ಹೊತ್ತ ಹುಡುಗಿ.

ನಾನು ರಸ್ತೆಗಿಳಿದು ಎರಡೂ ಕೈ ಎತ್ತಿದೆ. ಅಪರಿಚಿತರನ್ನು ಸಮಯ ಎಷ್ಟೆಂದೂ ಕೇಳದವಳು, ಗಂಟಲು ಹರಿಯುವಂತೆ ಕೂಗಿದೆ. ಆತ ಕ್ಲಚ್ ಹಿಡಿದದ್ದನ್ನು ಕಂಡೆ. ಗಾಡಿ ನಿಲ್ಲಲಿಲ್ಲ. ನನ್ನನ್ನು ದಾಟಿ ಮೂರು ಮಾರು ಮುಂದೆ ಹೋಗಿ, ಬ್ರೇಕು ಒತ್ತಿದ್ದಕ್ಕೆ ಗಕ್ಕನೆ ಜಗ್ಗಿ ಆಫ್ ಆಯಿತು. ಹುಡುಗಿಯ ಹಣೆ ಅವಳಪ್ಪನ ಬೆನ್ನಿಗೆ ಬಡಿಯಿತು.

"ಏನ್ರಿ ಇದು, ಸಾಯಾಕೆ ನಮ್ಮ ಗಾಡಿನೇ ಬೇಕಿತ್ತಾ?" ಎಂದು ತಿರುಗಿದ ಆತ ನನ್ನನ್ನು ಗುರುತಿಸಿದ. "ಮೇಸ್ತ್ರಿ ಮಗಳಲ್ಲೇನ್ರಿ ನೀವು? ನಾಲ್ಕು ದಿನದಿಂದ ಹಿಂಗೇ ಮಾಡ್ತೈತಿದು. ಭಾನುವಾರ ತರೋಣ ಅಂತಿದ್ದೆ."

ನಾನು ಬಗ್ಗಿ ಗಾಡಿಯ ಕೀಲಿ ತೆಗೆದು ನನ್ನ ಮುಷ್ಟಿಯಲ್ಲಿಟ್ಟುಕೊಂಡೆ. ಹುಡುಗನನ್ನು ಟ್ಯಾಂಕಿನಿಂದ ಇಳಿಸಿದೆ. ಕ್ಲಚ್ಚಿನೊಳಗಿನ ನಟ್ಟು ಸಡಿಲಾಗಿದೆ ಎಂದೆ. ದೀಪಾವಳಿಗೆ ಮುಂಚೆ ಬಿಗಿದಾಗಲೇ ಬಿಗಿತ ಸಾಲದಾಗಿತ್ತು ಎಂದೆ. ಅದು ಅಪ್ಪನ ಕೈಯ ತಪ್ಪಲ್ಲ, ನಾನು ತಂದುಕೊಟ್ಟ ಪಾನಾದ್ದು ಎಂದೆ, ಭಾನುವಾರದಿಂದ ನನಗೆ ಗೊತ್ತಿತ್ತು ಎಂದೂ ಹೇಳಿದೆ. ಅದನ್ನು ಹೇಳಲೇಬೇಕೆಂದು ಯಾರೂ ಕೇಳಿರಲಿಲ್ಲ.

ಆತ ನನ್ನ ಮುಷ್ಟಿಯನ್ನು ನೋಡಿದ, ಸೇತುವೆಯನ್ನು ನೋಡಿದ. ಮಗಳ ಹಣೆ ಸವರಿ, ಎರಡೂ ಬ್ಯಾಗುಗಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ಮಕ್ಕಳ ಕೈ ಒಂದೊಂದು ಕಡೆ ಹಿಡಿದು ದೇವಸ್ಥಾನದ ದಾರಿಯಲ್ಲಿ ನಡೆದುಬಿಟ್ಟ. ಹುಡುಗಿ ಒಮ್ಮೆ ಹಿಂತಿರುಗಿ ನೋಡಿದಳು.

ನಾನು ಗಾಡಿಯನ್ನು ನ್ಯೂಟ್ರಲ್ಲಿಗೆ ತರಲು ಹೆಣಗಿ, ಕೊನೆಗೆ ತಂದು, ರಸ್ತೆಯ ಬದಿಗೆ ತಳ್ಳಿ ನಿಲ್ಲಿಸಿದೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಗಾಡಿ ನನ್ನ ಹತ್ರ ಐತೆ, ಅಪ್ಪ," ಎಂದೆ. "ಮೂವರೂ ನಡ್ಕೊಂಡು ಹೋದ್ರು."